ಸರ್ಕಾರದ ಕಾರು, ಸ್ವಂತ ಕಾರು, ನೀಲಿ ಸೀಮೆಎಣ್ಣೆ

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಕನ್ನಂಬಾಡಿ ಕಟ್ಟೆ ಬಗ್ಗೆ ಎರಡು ಮಾತಾಡ್ತೀವಿ, ಸಿಹಿ ತಿಂದು ಹೊರಡ್ತೀವಿ. ಈ ಸಲ ಕಟ್ಟೆ ವಿಷಯ ಸ್ವಲ್ಪ ಪಕ್ಕಕ್ಕಿಟ್ಟು, ಅವರು ಇಟ್ಟುಕೊಂಡಿದ್ದ ಲೆಕ್ಕದ ಬಗ್ಗೆ ಬರೆಯೋಣ ಅನ್ನಿಸ್ತು.

ಎಂ.ವಿ. ಹುಟ್ಟಿದ್ದು ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಡ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ್ರು. ಪುಣೆಯ ಇಂಜಿನಿಯರಿಂಗ್ ಓದಿಗೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಅಂದ್ರೆ ಅವರನ್ನು ಇಂಜಿನಿಯರ್ ಮಾಡಿದ್ದರಲ್ಲಿ ಜನರ ತೆರಿಗೆ ಹಣವೂ ಇತ್ತು. ಅವರು ಅದನ್ನ ಕೊನೆತನಕ ಮರೀಲಿಲ್ಲ ಅಂತ ನಮಗೆ ಅನ್ನಿಸುತ್ತೆ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರ ಸ್ವಯಂಚಾಲಿತ ಗೇಟುಗಳು ಬಂದವು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಆ ಅವಧಿಯಲ್ಲೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಶುರುವಾದವು.

ಅವರ ಬಗ್ಗೆ ನಮ್ಮ ಮನೆಗಳಲ್ಲಿ ಹೇಳೋ ಕಥೆಗಳು ಮಾತ್ರ ಬೇರೆ. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಓದಿಗೆ ಇನ್ನೊಂದು ಅಂತಾರೆ. ದಿವಾನಗಿರಿ ಬಿಟ್ಟ ದಿನ ಸರ್ಕಾರಿ ಕಾರಲ್ಲಿ ಹೋಗಿ, ಸ್ವಂತ ಕಾರಲ್ಲಿ ಮನೆಗೆ ಬಂದರು ಅಂತಾರೆ. ಎರಡೂ ಕಥೆ ಹೇಳೋದು ಒಂದನ್ನೇ: ಯಾವುದಕ್ಕೆ ಅಂತ ಕೊಟ್ಟರೋ ಅದಕ್ಕೇ ಉರೀಬೇಕು.

ಕಾರು ಅಂದರೆ ಅವರಿಗೆ ಕೆಲಸದ ವಿಷಯವೂ ಹೌದು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ ಯುರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನ ನೋಡಿ ಬಂದರು. ಬೆಂಗಳೂರಿನಲ್ಲಿ ಆ ಕಾರ್ಖಾನೆ ಆಗಲಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಕಾಲದ ಮೇಣದಬತ್ತಿಗೆ ಬರೋಣ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದು ಚೆಂದಕ್ಕಲ್ಲ. ಬಡವರ ಒಲೆಗೆ, ದೀಪಕ್ಕೆ ಅಂತ ಸಬ್ಸಿಡಿ ಕೊಡ್ತಿದ್ದ ಎಣ್ಣೆ ಇದು, ಲಾರಿ ಟ್ಯಾಂಕಿಗಲ್ಲ ಅನ್ನೋ ಗುರುತು. 1993ರ ಕೇಂದ್ರದ ಆದೇಶವೂ ಅದನ್ನೇ ಹೇಳುತ್ತೆ. ಇಂಗ್ಲೆಂಡಲ್ಲಿ ಟ್ರ್ಯಾಕ್ಟರಿನ ಕಡಿಮೆ ತೆರಿಗೆಯ ಡೀಸೆಲ್‌ಗೆ ಕೆಂಪು ಬಣ್ಣ. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ದೋಣಿಗಳಿಗೆ ಮಾರಾಟ ತೆರಿಗೆ ಬಿಟ್ಟು ಡೀಸೆಲ್ ಕೊಡ್ತಾರೆ. ಅದು ರಸ್ತೆಯ ಗಾಡಿಗೆ ಹೋದರೂ ತಪ್ಪು ಅದೇ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸಿದ್ರೆ ಜಿಡ್ಡು ಕಡಿಮೆಯಾಗಿ ಪಂಪು, ಇಂಜೆಕ್ಟರ್ ಬೇಗ ಸವೆಯುತ್ತವೆ. ಆದರೆ ಅದಕ್ಕೂ ಮೊದಲು ಸವೆಯೋದು ಯಾರದೋ ಮನೆಯ ಅಡುಗೆ ಎಣ್ಣೆಯಲ್ಲ, ಒಲೆಯ ಎಣ್ಣೆ.

ಇದು ಸಣ್ಣ ಕಳ್ಳತನ ಅಂದ್ಕೋಬೇಡಿ. ಮುದ್ದೇನಹಳ್ಳಿ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಅದೇ ಜಿಲ್ಲೆಯ ಕೆಜಿಎಫ್‌ನ ಎಸ್. ಮಂಜುನಾಥ್, ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್, ಲಕ್ನೋದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27.

ಎಂ.ವಿ. ಅವರಿಗೆ 1955ರಲ್ಲಿ ಭಾರತರತ್ನ ಬಂತು, ನೂರರ ಗಡಿ ದಾಟಿ 1962ರಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ. ಒಬ್ಬರಿಗೆ ನೂರು ವರ್ಷ, ಇನ್ನೊಬ್ಬರಿಗೆ 27. ಇಬ್ಬರ ಲೆಕ್ಕ ಮಾತ್ರ ಒಂದೇ.

ನಮ್ಮಲ್ಲಿ ಎಷ್ಟೋ ಜನ ಇನ್ನೆರಡು ವರ್ಷಕ್ಕೆ ಸೈಟ್ ಇಂಜಿನಿಯರ್ ಆಗ್ತೀವಿ. ಜೆಸಿಬಿಗೆ, ಜನರೇಟರ್‌ಗೆ ಬಂದ ಡೀಸೆಲ್‌ನ ಲಾಗ್‌ಬುಕ್ಕಿಗೆ ಸಹಿ ಹಾಕೋರು ನಾವೇ. ಹತ್ತು ಲೀಟರ್ ನಿಮ್ಮ ಕಾರಿಗೂ ಇರಲಿ ಸಾರ್ ಅಂತ ಯಾರೋ ಖಂಡಿತ ಹೇಳ್ತಾರೆ. ಆ ಡೀಸೆಲ್‌ಗೆ ಬಣ್ಣ ಇರೋಲ್ಲ. ಅದು ಯಾರದ್ದು ಅಂತ ನಾವೇ ನೆನಪಿಟ್ಕೋಬೇಕು.