ಕೆಳದಿಯ ಶಿವಪ್ಪನಾಯಕ

ಅಜೆಕಾರಿನಿಂದ ಮೂಡಣಕ್ಕೆ ದೃಷ್ಟಿ ಹಾಯಿಸಿದರೆ ಸಹ್ಯಾದ್ರಿಯ ಸಾಲು. ಪಡುವಣಕ್ಕೆ ಸಾಗಿದರೆ ಸಮುದ್ರ. ಇವೆರಡರ ನಡುವಣ ನಾಡಿನ ಅನ್ನವು ಯಾರ ಅಧೀನದಲ್ಲಿರಬೇಕೆಂಬ ಪ್ರಶ್ನೆಯೇ ಶಿವಪ್ಪನಾಯಕನ ಬಾಳಿನ ತಿರುಳಾಗಿತ್ತು.

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯನ್ನು ತಲುಪಿದುದನ್ನು ಯುರೋಪಿನವರು ಹೊಸ ಮಾರ್ಗದ ಶೋಧವೆಂದು ಕೊಂಡಾಡಿದರು. ಆದರೆ ಅದು ಅರಬ್ಬರೂ ಗುಜರಾತಿನವರೂ ನಮ್ಮ ಕರಾವಳಿಯವರೂ ಶತಮಾನಗಳಿಂದ ಸಂಚರಿಸುತ್ತಿದ್ದ ಕಡಲು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ತಮ್ಮ ರಹದಾರಿಯಿಲ್ಲದ ಹಡಗುಗಳನ್ನು ವಶಪಡಿಸಿಕೊಳ್ಳತೊಡಗಿದರು. 1568-69ರ ವೇಳೆಗೆ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆಗಳೆದ್ದವು. ಬಸರೂರಿನ ಅಕ್ಕಿ ಗೋವೆಯ ಹಸಿವನ್ನು ಹಿಂಗಿಸಿತು. ಅದನ್ನು ಸಾಗಿಸುವ ವರ್ತಕನ ಸ್ವಾತಂತ್ರ್ಯವು ಕುಗ್ಗಿತು.

1645ರಲ್ಲಿ ವೀರಭದ್ರನಾಯಕನ ಬಳಿಕ ಕೆಳದಿಯ ಈ ವೀರಶೈವ ಸಿಂಹಾಸನವನ್ನೇರಿದ ಶಿವಪ್ಪನಾಯಕನು ಬಿದನೂರಿನಿಂದ ರಾಜ್ಯವಾಳಿದನು. ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಫಸಲಿನ ಸರಾಸರಿಯನ್ನು ಕಂಡು, ಮೂರರಲ್ಲೊಂದು ಪಾಲನ್ನು ಕಂದಾಯವೆಂದು ಗೊತ್ತುಪಡಿಸಿದ ಅವನ 'ಶಿಸ್ತು' ಇಂದಿಗೂ ಪ್ರಸಿದ್ಧವಾಗಿದೆ. ಗದ್ದೆಯ ಲೆಕ್ಕವನ್ನು ಹೀಗೆ ನೇರ್ಪಡಿಸಿದ ಅರಸನು ಬಂದರಿನ ಲೆಕ್ಕವನ್ನು ಪರರಿಗೆ ಬಿಡುವುದುಂಟೆ? ಸಿಂಹಳದಲ್ಲಿ ಡಚ್ಚರೊಡನೆ ಹೋರಾಡುತ್ತ ಪೋರ್ಚುಗೀಸರು ಬಳಲಿದ್ದ ಸಮಯದಲ್ಲಿ, 1652ರಿಂದ 1654ರೊಳಗೆ, ಕರಾವಳಿಯ ಅವರ ಕೋಟೆಗಳನ್ನು ಅವನು ಕೈವಶಮಾಡಿಕೊಂಡನು.

ಆದರೂ ಅವನ ವಿರೋಧವು ಕೋಟೆಗಳೊಡನೆ, ಮನುಷ್ಯರೊಡನೆ ಅಲ್ಲ. 1560ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಪೀಠವು ಸ್ಥಾಪಿತವಾದ ಮೇಲೆ ಹಿಂದೂಗಳೂ ಕ್ರೈಸ್ತರೂ ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಕೃಷಿಯಲ್ಲಿ ನುರಿತ ಇಂಥವರಿಗೆ ಕೆಳದಿಯ ಅರಸರು ನೆಲೆಯಿತ್ತರು. ನಮ್ಮ ಸೀಮೆಯಲ್ಲಿ ಕೊಂಕಣಿಯಾಡುವ ಅನೇಕ ಮನೆತನಗಳ ಪೂರ್ವಜರು ಆ ದಾರಿಯಲ್ಲಿ ಬಂದವರೇ.

ನಾಯಕನ ಜಯಕ್ಕೆ ಮಿತಿಯಿದ್ದಿತೆಂಬುದನ್ನೂ ಮರೆಯಲಾಗದು. ನೆಲದ ಕೋಟೆಗಳು ಬಿದ್ದರೂ ಕಡಲಿನಲ್ಲಿ ಪೋರ್ಚುಗೀಸರ ನೌಕಾಬಲವು ಮುರಿಯಲಿಲ್ಲ. 1660ರಲ್ಲಿ ಅವನು ಕಾಲವಶನಾದನು. 1670ರ ದಶಕದ ಒಪ್ಪಂದಗಳಿಂದ ಅವರ ವ್ಯಾಪಾರದ ಕೋಠಿಗಳು ಮರಳಿ ಬಂದವು. ಆದರೆ ಈಗ ಅವರು ಕೆಳದಿಯ ಅನುಮತಿಯನ್ನು ಬೇಡಿ ಬಂದವರು. ಅಪ್ಪಣೆ ಕೊಡುವವನ ಸ್ಥಾನವನ್ನು ನಾಡಿಗೆ ಮರಳಿ ತಂದುದೇ ಶಿವಪ್ಪನಾಯಕನ ಹಿರಿಮೆ. ಅನ್ನವನ್ನು ಬೆಳೆಯುವುದರೊಡನೆ ಅದರ ಒಡೆತನವನ್ನು ಕಾಯುವುದೂ, ನೊಂದು ಬಂದವರೊಡನೆ ಅದನ್ನು ಹಂಚಿ ಉಣ್ಣುವುದೂ ನಮ್ಮ ವಿದ್ಯಾರ್ಥಿಗಳು ಅವನ ಚರಿತೆಯಿಂದ ಕಲಿಯಬೇಕಾದ ಪಾಠವಾಗಿದೆ.