ದಿವಾನರ ಷರತ್ತು

1912ರಲ್ಲಿ ಮೈಸೂರಿನ ದಿವಾನ್ ಪದವಿ ಅರಸಿ ಬಂದಾಗ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಂಧುಗಳನ್ನು ಕರೆದು, ಯಾರೂ ತಮ್ಮ ಬಳಿ ಶಿಫಾರಸು ಬೇಡಿ ಬರಕೂಡದೆಂದು ಮಾತು ಪಡೆದ ಬಳಿಕವೇ ಒಪ್ಪಿದರೆಂಬುದು ನಾಡಿನಲ್ಲಿ ಪ್ರಸಿದ್ಧ. ಮನೆಪಾಠ ಹೇಳಿ ಓದಿ ಮೇಲೆ ಬಂದ ಅವರಿಗೆ ಯೋಗ್ಯತೆಯೊಂದೇ ನೇಮಕದ ಅಳತೆಗೋಲು.

ಆದರೆ ನಂಟರಿಗೆ ಮುಚ್ಚಿದ ಬಾಗಿಲು ಪರರಿಗೆ ತಾನಾಗಿ ತೆರೆಯಿತೆ? ಸರ್ಕಾರಿ ಕಚೇರಿಗಳಲ್ಲಿದ್ದವರು ಬಹುಮಟ್ಟಿಗೆ ಬ್ರಾಹ್ಮಣರೇ. ತಲೆಮಾರುಗಳಿಂದ ವಿದ್ಯೆ ದೊರೆಯದವರು ಯೋಗ್ಯತೆಯನ್ನು ಎಲ್ಲಿಂದ ತರಬೇಕೆಂದು ಉಳಿದ ಜನವರ್ಗಗಳು ಕೇಳಿದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದರ ವಿಚಾರಣೆಗೆ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಆ ಮಾರ್ಗವನ್ನೊಪ್ಪದ ದಿವಾನರು ಅದೇ ವರ್ಷ ಪದವಿಯನ್ನು ಬಿಟ್ಟರು.

ಅವರ ಕೈ ಶುದ್ಧವಾಗಿತ್ತು. ಅವರ ಮುಂದಿಟ್ಟ ಪ್ರಶ್ನೆಯೂ ನ್ಯಾಯವಾದುದೇ ಆಗಿತ್ತು.