ಕೋಟೆಯೊಳಗಿನ ಬಿರುಕನ್ನು ಕಂಡ ತರಾಸು

ಟಿ.ಎಸ್. ವೆಂಕಣ್ಣಯ್ಯನವರಂತಹ ವಿದ್ವಾಂಸರನ್ನು ಕೊಟ್ಟ ತಳುಕಿನ ಮನೆತನದ ತ.ರಾ. ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಸ್ವಾತಂತ್ರ್ಯ ಚಳವಳಿಯ ಕರೆಗೆ ಓಗೊಟ್ಟು ವ್ಯಾಸಂಗ ತೊರೆದರು, ಪತ್ರಕರ್ತರಾದರು, ಪ್ರಗತಿಶೀಲ ಸಾಹಿತ್ಯದ ಮುಂಚೂಣಿಯಲ್ಲಿ ನಿಂತು ಬರವಣಿಗೆಯನ್ನೇ ಬದುಕಾಗಿಸಿಕೊಂಡರು.

ಪರಕೀಯ ಆಳ್ವಿಕೆಯನ್ನು ವಿರೋಧಿಸಿದ ಈ ಲೇಖಕ, ಚಿತ್ರದುರ್ಗದ ಇತಿಹಾಸ ಬರೆಯುವಾಗ ಹೊರಗಿನ ವೈರಿಯನ್ನಷ್ಟೇ ದೂರಿ ಸುಮ್ಮನಾಗಲಿಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಹೆಸರುಗಳೇ ಸಂಕೇತಗಳು. ದಳವಾಯಿ ಮುದ್ದಣ್ಣನ ಅಧಿಕಾರದಾಹ ಬಿತ್ತಿದ್ದು ಕಣ್ಣೀರಿನ ಬೆಳೆಯಾಗುತ್ತದೆ. ಹೂಡಿದ ಬಾಣ ಹೂಡಿದವನತ್ತಲೇ ತಿರುಗುತ್ತದೆ. 1982ರ ‘ದುರ್ಗಾಸ್ತಮಾನ’ದ ಮದಕರಿನಾಯಕ, 1779ರಲ್ಲಿ ಹೈದರಾಲಿಗೆ ಸೋತು ಕೋಟೆಯೊಡನೆ ಮುಳುಗುವ ಸೂರ್ಯ. ನಾಯಕರ ಸೀಮೆಯಾಗಿದ್ದ ಹಿರಿಯೂರು, ಹೊಳಲ್ಕೆರೆಗಳ ಓದುಗರಿಗೆ ಅದು ತಮ್ಮ ನೆಲದ್ದೇ ಕಥೆ.

1984ರಲ್ಲಿ ತರಾಸು ಕಣ್ಮುಚ್ಚಿದರು. ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ. ಮದಕರಿಗೆ ಜೈಕಾರ ಹಾಕುವವರು ಇಂದು ಹಲವರಿದ್ದಾರೆ. ಕೋಟೆ ಒಳಗಿನಿಂದಲೇ ಏಕೆ ಬಿರಿಯಿತೆಂದು ಕೇಳುವವರು ವಿರಳ. ಅಪ್ರಿಯವಾದ ಆ ಪ್ರಶ್ನೆಯನ್ನು ತನ್ನವರ ಮುಂದಿಡುವುದೂ ದೇಶಪ್ರೇಮವೇ ಎಂಬುದನ್ನು ತರಾಸು ಬರೆದು ತೋರಿಸಿದರು.